ಐಎಫ್‌ಆರ್‌ಎಸ್ ಕಲಿಯೋದು ಹೇಗೆ? ಕೆಲಸ ಮಾಡುತ್ತಲೇ ಓದುವ ಅಕೌಂಟೆಂಟ್‌ಗಳಿಗೆ

"ಐಎಫ್‌ಆರ್‌ಎಸ್ ಕಲಿಬೇಕು, ಯಾವ ಕೋರ್ಸ್ ಸೇರಲಿ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಈಗಷ್ಟೇ ಕೆಲಸಕ್ಕೆ ಸೇರಿದವರಿದ್ದಾರೆ, ವರ್ಷಗಟ್ಟಲೆ ಲೆಡ್ಜರ್ ನೋಡಿದವರೂ ಇದ್ದಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ. ಕೋರ್ಸ್ ಆಮೇಲೆ ನೋಡೋಣ. ಮೊದಲು ಒಂದು ವ್ಯವಹಾರ ಕೈಗೆ ತಗೊಳ್ಳಿ. ಅದಕ್ಕೆ ಅನ್ವಯಿಸುವ ಸ್ಟ್ಯಾಂಡರ್ಡ್‌ನ, ಅಂದರೆ ಲೆಕ್ಕದ ಮಾನದಂಡದ, ಮೂಲ ಪಠ್ಯ ತೆರೆಯಿರಿ. ಅಲ್ಲಿಂದ ಜರ್ನಲ್ ಎಂಟ್ರಿ ತನಕ ಯಾರ ಸಹಾಯವೂ ಇಲ್ಲದೆ ಹೋಗುವುದನ್ನು ಕಲಿಯಿರಿ. ಇದು ಬಂದರೆ ಸರ್ಟಿಫಿಕೇಟ್ ತಾನಾಗಿ ಬರುತ್ತದೆ. ಇದು ಬರದಿದ್ದರೆ ಸರ್ಟಿಫಿಕೇಟ್ ಇದ್ದೂ ವರ್ಷಾಂತ್ಯದಲ್ಲಿ ಆಡಿಟರ್ ಮುಂದೆ ಮಾತು ನಿಲ್ಲುತ್ತದೆ.

ಐಎಫ್‌ಆರ್‌ಎಸ್ ಅಂದರೆ ಅಂತಾರಾಷ್ಟ್ರೀಯ ಹಣಕಾಸು ವರದಿ ಮಾನದಂಡಗಳು. ಕಂಪನಿಯೊಂದು ತನ್ನ ಆಸ್ತಿ, ಸಾಲ, ಆದಾಯ, ಖರ್ಚುಗಳನ್ನು ಯಾವಾಗ, ಎಷ್ಟಕ್ಕೆ, ಹೇಗೆ ತೋರಿಸಬೇಕು ಅನ್ನುವ ನಿಯಮಗಳು ಇವು. 140ಕ್ಕೂ ಹೆಚ್ಚು ದೇಶ-ಪ್ರದೇಶಗಳಲ್ಲಿ ಇವು ಕಡ್ಡಾಯ. ಐರೋಪ್ಯ ಒಕ್ಕೂಟದ ಷೇರುಪೇಟೆ ಕಂಪನಿಗಳು 2005ರಿಂದ ತಮ್ಮ ಸಮೂಹದ (ಅಂಗ ಕಂಪನಿಗಳೂ ಸೇರಿದ) ಲೆಕ್ಕವನ್ನು ಹೀಗೇ ಕೊಡುತ್ತಿವೆ.

ಶುರು ಮಾಡುವ ಮುನ್ನ ಏನೇನು ಬೇಕು?

ಜಾಸ್ತಿ ಏನೂ ಬೇಡ. ಡೆಬಿಟ್-ಕ್ರೆಡಿಟ್ ಗಟ್ಟಿಯಾಗಿರಬೇಕು. ಪ್ರೆಸೆಂಟ್ ವ್ಯಾಲ್ಯೂ ಲೆಕ್ಕ, ಅಂದರೆ ಮುಂದೆ ಬರುವ ಅಥವಾ ಕೊಡುವ ಹಣದ ಇಂದಿನ ಬೆಲೆ ಕಂಡುಹಿಡಿಯುವುದು, ಸ್ಪ್ರೆಡ್‌ಶೀಟ್‌ನಲ್ಲಿ ಮಾಡಲು ಬರಬೇಕು. ಲೀಸ್ (ಬಾಡಿಗೆ ಕರಾರು), ಸಾಲ, ಪಿಂಚಣಿ ಎಲ್ಲೆಡೆ ಇದು ಎದುರಾಗುತ್ತದೆ. ಇದು ಬಾರದಿದ್ದರೆ ಮೊದಲ ವಾರ ಪೂರ್ತಿ ಇದಕ್ಕೇ ಕೊಡಿ. ಜೊತೆಗೆ ಐಎಫ್‌ಆರ್‌ಎಸ್ ಪ್ರಕಾರ ತಯಾರಾದ ಯಾವುದಾದರೂ ದೊಡ್ಡ ಕಂಪನಿಯ ಇತ್ತೀಚಿನ ವಾರ್ಷಿಕ ವರದಿ ಇಟ್ಟುಕೊಳ್ಳಿ. ಕಂಪನಿಗಳ ಜಾಲತಾಣದಲ್ಲೇ ಅದು ಉಚಿತವಾಗಿ ಸಿಗುತ್ತದೆ. ನಿಮ್ಮ ಕಂಪನಿಯ ವ್ಯವಹಾರಕ್ಕೆ ಹತ್ತಿರವಿರುವ ಕಂಪನಿಯದ್ದನ್ನೇ ಆರಿಸಿ.

1. ಯಾವ ಸಂಖ್ಯೆ ಏನು ಅಂತ ತಿಳಿದುಕೊಳ್ಳಿ

ಹೊಸಬರು ಮೊದಲು ತಡವರಿಸುವುದು ಸಂಖ್ಯೆಗಳಲ್ಲಿ. ಐಎಎಸ್ ಅಂತಲೂ ಇದೆ, ಐಎಫ್‌ಆರ್‌ಎಸ್ ಅಂತಲೂ ಇದೆ, ಯಾವುದು ಈಗ ನಡೆಯುತ್ತಿರುವುದು? ಎರಡೂ ನಡೆಯುತ್ತಿವೆ. 1973ರಲ್ಲಿ ಲಂಡನ್ನಿನಲ್ಲಿ ಶುರುವಾದ ಐಎಎಸ್‌ಸಿ ಅನ್ನುವ ಸಮಿತಿ ಹೊರಡಿಸಿದವು ಐಎಎಸ್. 2001ರಲ್ಲಿ ಅದರ ಜಾಗಕ್ಕೆ ಐಎಎಸ್‌ಬಿ ಅನ್ನುವ ಮಂಡಳಿ ಬಂತು. ಈ ಮಂಡಳಿ ಹೊಸದಾಗಿ ಹೊರಡಿಸುವವಕ್ಕೆ ಐಎಫ್‌ಆರ್‌ಎಸ್ ಅಂತ ಸಂಖ್ಯೆ ಬೀಳುತ್ತದೆ. ಹಳೆಯ ಐಎಎಸ್‌ಗಳಲ್ಲಿ ಕೆಲವು ರದ್ದಾಗಿವೆ, ಉಳಿದವು ತಿದ್ದುಪಡಿಗಳೊಂದಿಗೆ ಇವತ್ತಿಗೂ ಜಾರಿಯಲ್ಲಿವೆ. ಉದಾಹರಣೆಗೆ, ಕಟ್ಟಡ-ಯಂತ್ರಗಳ ಲೆಕ್ಕಕ್ಕೆ ಈಗಲೂ ಐಎಎಸ್ 16 ನೋಡಬೇಕು. ಲೀಸ್‌ಗೆ ಐಎಫ್‌ಆರ್‌ಎಸ್ 16. ಎರಡೂ 16, ಆದರೆ ಒಂದಕ್ಕೊಂದು ಸಂಬಂಧವಿಲ್ಲ.

ಐಎಫ್‌ಆರ್‌ಐಸಿ ಮತ್ತು ಎಸ್‌ಐಸಿ ಅನ್ನುವವು ವ್ಯಾಖ್ಯಾನಗಳು. ಸ್ಟ್ಯಾಂಡರ್ಡ್ ಸ್ಪಷ್ಟವಾಗಿಲ್ಲದ ಕಡೆ ದಾರಿ ತೋರಿಸುತ್ತವೆ. ಅವನ್ನೂ ಪಾಲಿಸಲೇಬೇಕು. ಎಸ್1, ಎಸ್2 ಅಂತ ಕಂಡರೆ ಗಾಬರಿ ಬೇಡ. ಅವು 2023ರ ಜೂನ್‌ನಲ್ಲಿ ಐಎಸ್‌ಎಸ್‌ಬಿ ಅನ್ನುವ ಬೇರೆ ಮಂಡಳಿ ಹೊರಡಿಸಿದ ಸುಸ್ಥಿರತೆ ಮತ್ತು ಹವಾಮಾನ ವರದಿಯ ಸ್ಟ್ಯಾಂಡರ್ಡ್‌ಗಳು. ಲೆಕ್ಕಪತ್ರ ಕಲಿಯುವ ಮೊದಲ ಹಂತದಲ್ಲಿ ಬದಿಗಿಡಬಹುದು.

2. ಮೂಲ ಪಠ್ಯ ತಗೊಳ್ಳಿ

ಸಾರಾಂಶದ ವಿಡಿಯೊ, ನಾಲ್ಕು ಪುಟದ ನೋಟ್ಸ್ ಎಲ್ಲ ಆಮೇಲೆ. ಈ ಮಂಡಳಿಗಳನ್ನು ನಡೆಸುವ ಐಎಫ್‌ಆರ್‌ಎಸ್ ಫೌಂಡೇಶನ್‌ನ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ ಸ್ಟ್ಯಾಂಡರ್ಡ್‌ಗಳನ್ನು ದುಡ್ಡು ಕೊಡದೆ ಓದಬಹುದು. ಟಿಪ್ಪಣಿ, ಅಡ್ಡ ಉಲ್ಲೇಖಗಳಿರುವ ಆವೃತ್ತಿಗೆ ಮಾತ್ರ ಚಂದಾ ಬೇಕು. ಕಲಿಯುವವರಿಗೆ ಉಚಿತದ್ದೇ ಸಾಕು.

ಓದುವಾಗ ಯಾವ ಭಾಗಕ್ಕೆ ಎಷ್ಟು ತೂಕ ಅನ್ನುವುದು ಗೊತ್ತಿರಲಿ. ದಪ್ಪಕ್ಷರದ ಪ್ಯಾರಾ, ಸಾದಾ ಅಕ್ಷರದ ಪ್ಯಾರಾ ಎರಡಕ್ಕೂ ಅಧಿಕಾರ ಸಮ. ಕೊನೆಯಲ್ಲಿ ಬರುವ ಅನುಬಂಧಗಳಲ್ಲಿ ಪದಗಳ ಅರ್ಥ ಮತ್ತು ಅನ್ವಯದ ಮಾರ್ಗದರ್ಶನ ಇರುತ್ತವೆ. ಅವು ಸ್ಟ್ಯಾಂಡರ್ಡ್‌ನ ಭಾಗವೇ. ಉದಾಹರಣೆಗಳು ಮತ್ತು "ತೀರ್ಮಾನದ ಹಿನ್ನೆಲೆ" (ಬೇಸಿಸ್ ಫಾರ್ ಕನ್‌ಕ್ಲೂಷನ್ಸ್) ಸ್ಟ್ಯಾಂಡರ್ಡ್‌ನ ಭಾಗವಲ್ಲ, ಆದರೂ ಓದಿ. ಮಂಡಳಿ ಹೀಗೇಕೆ ಯೋಚಿಸಿತು ಅನ್ನುವುದು ಹಿನ್ನೆಲೆಯಲ್ಲೇ ಸಿಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಐಎಫ್‌ಆರ್‌ಎಸ್ 16ರಲ್ಲೇ ಇದೆ. ಕಡಿಮೆ ಬೆಲೆಯ ವಸ್ತು ಲೀಸ್‌ಗೆ ಪಡೆದರೆ ಅದನ್ನು ಬ್ಯಾಲೆನ್ಸ್ ಶೀಟಿಗೆ ತರುವುದರಿಂದ ವಿನಾಯಿತಿ ಉಂಟು. "5,000 ಡಾಲರ್ ಒಳಗಿದ್ದರೆ ಆಯ್ತು" ಅಂತ ಎಲ್ಲರೂ ಹೇಳುತ್ತಾರೆ. ಆದರೆ ಸ್ಟ್ಯಾಂಡರ್ಡ್ ಒಳಗೆ ಆ ಅಂಕಿ ಇಲ್ಲ! ಅದಿರುವುದು ಹಿನ್ನೆಲೆಯಲ್ಲಿ, ಅದೂ ಮಂಡಳಿ ತೀರ್ಮಾನ ಮಾಡುವಾಗ ಸುಮಾರು ಎಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡಿತ್ತು ಅಂತ ತಿಳಿಸಲು. ಅನುಬಂಧದಲ್ಲಿ ಟ್ಯಾಬ್ಲೆಟ್, ಕಂಪ್ಯೂಟರ್, ಸಣ್ಣ ಪೀಠೋಪಕರಣ, ಟೆಲಿಫೋನ್ ಅಂತ ಹೆಸರಿಸಿದ್ದಾರೆ. ಕಾರು ಇದರಲ್ಲಿ ಬರುವುದಿಲ್ಲ ಅಂತಲೂ ಹೇಳಿದ್ದಾರೆ. ಹಳೆಯ ವಸ್ತುವಾದರೂ ಅದು ಹೊಸದಿದ್ದಾಗಿನ ಬೆಲೆಯನ್ನೇ ನೋಡಬೇಕು. ಸಾರಾಂಶ ಮಾತ್ರ ಓದಿದವರು ಇಷ್ಟನ್ನೂ ಕಳೆದುಕೊಂಡಿರುತ್ತಾರೆ.

ಎಚ್ಚರ: ಹಳೆಯ ಸಾಮಗ್ರಿ ಎಲ್ಲ ಕಡೆ ಹರಿದಾಡುತ್ತಿದೆ. ಆದಾಯಕ್ಕೆ ಐಎಎಸ್ 18, ಲೀಸ್‌ಗೆ ಐಎಎಸ್ 17 ಅಂತ ಪಾಠ ಮಾಡುವ ಪುಸ್ತಕ ಕಂಡರೆ ಮುಚ್ಚಿಡಿ. ಮೊದಲನೆಯದನ್ನು ಐಎಫ್‌ಆರ್‌ಎಸ್ 15 ಜನವರಿ 2018ರಿಂದ, ಎರಡನೆಯದನ್ನು ಐಎಫ್‌ಆರ್‌ಎಸ್ 16 ಜನವರಿ 2019ರಿಂದ ತೆಗೆದುಹಾಕಿವೆ. ಇನ್ನೊಂದು ವಿಷಯ. ಹಲವು ದೇಶಗಳು ಐಎಫ್‌ಆರ್‌ಎಸ್ ಅನ್ನು ಸ್ವಲ್ಪ ಬದಲಿಸಿ ತಮ್ಮದಾಗಿಸಿಕೊಂಡಿವೆ. ನಿಮ್ಮ ಕಂಪನಿಗೆ ಅನ್ವಯಿಸುವುದು ಯಾವುದು, ಯಾವ ತಾರೀಖಿನಿಂದ ಅನ್ನುವುದನ್ನು ಮೊದಲೇ ಖಚಿತ ಮಾಡಿಕೊಳ್ಳಿ.

3. ಓದುವ ಕ್ರಮ

1, 2, 3 ಅಂತ ಸಂಖ್ಯೆಯ ಕ್ರಮದಲ್ಲಿ ಓದಲು ಹೋಗಬೇಡಿ. ಐಎಫ್‌ಆರ್‌ಎಸ್ 1 ಮೊದಲ ಬಾರಿ ಈ ವ್ಯವಸ್ಥೆಗೆ ಬರುವ ಕಂಪನಿಗಳಿಗೆ. ಉಳಿದದ್ದೆಲ್ಲ ಗೊತ್ತಿಲ್ಲದೆ ಅದು ಅರ್ಥವೇ ಆಗುವುದಿಲ್ಲ.

ನಾನು ಹೇಳುವ ಕ್ರಮ ಹೀಗೆ. ಮೊದಲು ಕಾನ್ಸೆಪ್ಚುವಲ್ ಫ್ರೇಮ್‌ವರ್ಕ್. ಆಸ್ತಿ ಅಂದರೇನು, ಲಯಬಿಲಿಟಿ ಅಂದರೇನು ಅನ್ನುವ ಅಡಿಪಾಯ ಅಲ್ಲಿದೆ. 2018ರಲ್ಲಿ ಪರಿಷ್ಕರಣೆಯಾದದ್ದನ್ನೇ ಓದಿ. ಆಮೇಲೆ ಐಎಎಸ್ 8. ಲೆಕ್ಕದ ನೀತಿ ಬದಲಾದರೆ, ಅಂದಾಜು ಬದಲಾದರೆ, ಹಿಂದಿನ ತಪ್ಪು ಸಿಕ್ಕರೆ ಏನು ಮಾಡಬೇಕು ಅಂತ ಅದು ಹೇಳುತ್ತದೆ. ನೀತಿ ಬದಲಾವಣೆಗೂ ತಪ್ಪಿಗೂ ಹಿಂದಿನ ವರ್ಷದ ಅಂಕಿ ತಿದ್ದಬೇಕು, ಅಂದಾಜು ಬದಲಾದರೆ ಇಂದಿನಿಂದ ಮುಂದಕ್ಕೆ ಮಾತ್ರ. ಈ ಮೂರನ್ನು ಕಲಸಿಬಿಡುವುದು ತುಂಬ ಸಾಮಾನ್ಯ.

ನಂತರ ದಿನವೂ ಕೈಗೆ ಬರುವವು: ಸರಕು ದಾಸ್ತಾನಿಗೆ ಐಎಎಸ್ 2, ಸ್ಥಿರಾಸ್ತಿಗೆ ಐಎಎಸ್ 16, ಸಾಫ್ಟ್‌ವೇರ್-ಪೇಟೆಂಟ್ ಥರದವಕ್ಕೆ ಐಎಎಸ್ 38, ಆಸ್ತಿಯ ಬೆಲೆ ಕುಸಿದರೆ ಐಎಎಸ್ 36. ಅಲ್ಲಿಂದ ಐಎಫ್‌ಆರ್‌ಎಸ್ 15 ಮತ್ತು 16. ಮುಂದಕ್ಕೆ ಪ್ರಾವಿಷನ್‌ಗೆ, ಅಂದರೆ ಮೊತ್ತವೋ ಸಮಯವೋ ಖಚಿತವಿಲ್ಲದ ಹೊಣೆಗೆ, ಐಎಎಸ್ 37, ಆದಾಯ ತೆರಿಗೆಗೆ ಐಎಎಸ್ 12. ಹಣಕಾಸು ಸಾಧನಗಳ ಐಎಫ್‌ಆರ್‌ಎಸ್ 9, ಸಮೂಹ ಲೆಕ್ಕದ ಐಎಫ್‌ಆರ್‌ಎಸ್ 3 ಮತ್ತು 10 ಕೊನೆಗೆ. ವಿಮಾ ಕಂಪನಿಯಲ್ಲಿ ಇಲ್ಲದಿದ್ದರೆ ಐಎಫ್‌ಆರ್‌ಎಸ್ 17 ಈಗ ಬೇಡ.

4. ಪ್ರತಿ ಸ್ಟ್ಯಾಂಡರ್ಡ್‌ಗೂ ಐದು ಪ್ರಶ್ನೆ

ಈ ಹಂತಕ್ಕೆ ಸಮಯ ಕೊಡಿ. ಇಡೀ ಕಲಿಕೆ ನಿಂತಿರುವುದು ಇದರ ಮೇಲೆ. ಯಾವ ಸ್ಟ್ಯಾಂಡರ್ಡ್ ತೆರೆದರೂ ಐದು ಪ್ರಶ್ನೆ ಬರೆದಿಟ್ಟುಕೊಳ್ಳಿ. ಇದು ನನ್ನ ವ್ಯವಹಾರಕ್ಕೆ ಅನ್ವಯಿಸುತ್ತದೆಯೇ? ಪುಸ್ತಕಕ್ಕೆ ಯಾವಾಗ ತಗೊಳ್ಳಬೇಕು? ಮೊದಲ ದಿನ ಎಷ್ಟಕ್ಕೆ? ಆಮೇಲೆ ಪ್ರತಿ ವರ್ಷ ಎಷ್ಟಕ್ಕೆ? ಓದುಗರಿಗೆ ಏನೇನು ತಿಳಿಸಬೇಕು?

ಲೀಸ್ ತಗೊಂಡು ನೋಡೋಣ. ಕಂಪನಿಯೊಂದು ಯಂತ್ರವನ್ನು 3 ವರ್ಷಕ್ಕೆ ಬಾಡಿಗೆಗೆ ಪಡೆದಿದೆ. ಪ್ರತಿ ವರ್ಷದ ಕೊನೆಗೆ 1,000 ಕೊಡಬೇಕು.

ಅನ್ವಯಿಸುತ್ತದೆಯೇ? ಕರಾರು ಒಂದು ನಿರ್ದಿಷ್ಟ ಯಂತ್ರದ ಬಗ್ಗೆಯೇ ಇರಬೇಕು, ಅದನ್ನು ಹೇಗೆ ಬಳಸಬೇಕು ಅನ್ನುವ ಅಧಿಕಾರ ನಮಗಿರಬೇಕು, ಅದರ ಲಾಭವೂ ನಮಗೇ ಬರಬೇಕು. ಮಾಲೀಕರು ಯಾವಾಗ ಬೇಕಾದರೂ ಬೇರೆ ಯಂತ್ರ ತಂದಿಟ್ಟು ಅದರಿಂದ ತಾವೇ ಲಾಭ ಮಾಡಿಕೊಳ್ಳುವಂತಿದ್ದರೆ ಅದು ಲೀಸ್ ಅಲ್ಲ, ಬರೀ ಸೇವೆ. ಅವಧಿ 12 ತಿಂಗಳು ಅಥವಾ ಕಡಿಮೆ ಇದ್ದು, ಕೊನೆಗೆ ಕೊಂಡುಕೊಳ್ಳುವ ಆಯ್ಕೆ ಇಲ್ಲದಿದ್ದರೆ ವಿನಾಯಿತಿ ತಗೊಳ್ಳಬಹುದು. ನಮ್ಮದು 3 ವರ್ಷ, ಹಾಗಾಗಿ ಅನ್ವಯಿಸುತ್ತದೆ.

ಯಾವಾಗ? ಕರಾರಿಗೆ ಸಹಿ ಹಾಕಿದ ದಿನ ಅಲ್ಲ. ಯಂತ್ರ ನಮ್ಮ ಬಳಕೆಗೆ ಸಿಕ್ಕ ದಿನ.

ಎಷ್ಟಕ್ಕೆ? ಕೊಡಬೇಕಾದ ಹಣದ ಇಂದಿನ ಬೆಲೆಗೆ. ಲೀಸ್‌ನಲ್ಲೇ ಅಡಗಿರುವ ಬಡ್ಡಿದರ ಸುಲಭವಾಗಿ ಗೊತ್ತಾದರೆ ಅದನ್ನು ಬಳಸಬೇಕು. ಇಲ್ಲದಿದ್ದರೆ ಇಂಥದೇ ಆಸ್ತಿಗೆ, ಇಷ್ಟೇ ಅವಧಿಗೆ, ಇಂಥದೇ ಭದ್ರತೆ ಕೊಟ್ಟು ಕಂಪನಿ ಸಾಲ ಪಡೆದರೆ ಬೀಳುವ ದರ. ಅದು 10% ಅಂತಿಟ್ಟುಕೊಳ್ಳಿ. ಮೂರು ಕಂತಿನ ಇಂದಿನ ಬೆಲೆ 2,487. ಎಂಟ್ರಿ: ಬಳಕೆ ಹಕ್ಕಿನ ಆಸ್ತಿ ಡೆಬಿಟ್ 2,487, ಲೀಸ್ ಲಯಬಿಲಿಟಿ ಕ್ರೆಡಿಟ್ 2,487.

ಆಮೇಲೆ? ಮೊದಲ ವರ್ಷ ಬಡ್ಡಿ 249. ಅದನ್ನು ಖರ್ಚಿಗೆ ಡೆಬಿಟ್ ಮಾಡಿ ಲಯಬಿಲಿಟಿಗೆ ಸೇರಿಸಿ. 1,000 ಕೊಟ್ಟಾಗ ಲಯಬಿಲಿಟಿ ಡೆಬಿಟ್, ಬ್ಯಾಂಕ್ ಕ್ರೆಡಿಟ್. ವರ್ಷದ ಕೊನೆಗೆ ಉಳಿಯುವ ಲಯಬಿಲಿಟಿ 1,736. ಎರಡನೇ ವರ್ಷ ಬಡ್ಡಿ 174, ಉಳಿಕೆ 909. ಮೂರನೇ ವರ್ಷ ಬಡ್ಡಿ 91, ಉಳಿಕೆ ಸೊನ್ನೆ. ಆಸ್ತಿಗೆ ಪ್ರತಿ ವರ್ಷ ಸವಕಳಿ 829. ಅಂದರೆ ಒಟ್ಟು ಖರ್ಚು ಮೊದಲ ವರ್ಷ 1,078, ಎರಡನೇ ವರ್ಷ ಸುಮಾರು 1,003, ಮೂರನೇ ವರ್ಷ 920.

ಇಲ್ಲಿ ಸ್ವಲ್ಪ ನಿಂತು ನೋಡಿ. ಕೈಯಿಂದ ಹೋಗುವ ಹಣ ಪ್ರತಿ ವರ್ಷ 1,000. ಮೂರು ವರ್ಷದ ಒಟ್ಟು ಖರ್ಚೂ 3,000. ಆದರೆ ಖರ್ಚು ಮೊದಲು ಜಾಸ್ತಿ, ಕೊನೆಗೆ ಕಮ್ಮಿ. ಬಾಡಿಗೆ ಅನ್ನುವ ಸಾಲೇ ಲಾಭ-ನಷ್ಟ ಪಟ್ಟಿಯಿಂದ ಮಾಯ. ಅದರ ಜಾಗದಲ್ಲಿ ಸವಕಳಿಯೂ ಬಡ್ಡಿಯೂ ಬಂದಿವೆ, ಬ್ಯಾಲೆನ್ಸ್ ಶೀಟಿನಲ್ಲಿ ಸಾಲವೂ ಕಾಣುತ್ತಿದೆ. ಬ್ಯಾಂಕಿನವರು ಸಾಲದ ಅನುಪಾತ ಕೇಳಿದಾಗ ಉತ್ತರ ಬೇರೆಯಾಗುತ್ತದೆ. ಒಂದು ಸ್ಟ್ಯಾಂಡರ್ಡ್ ವ್ಯವಹಾರವನ್ನು ಹೇಗೆ ಬೇರೆ ಥರ ತೋರಿಸುತ್ತದೆ ಅನ್ನುವುದು ಅಂಕಿಗಳನ್ನು ಸ್ವಂತವಾಗಿ ಹಾಕಿದಾಗಲೇ ಮನಸ್ಸಿಗೆ ಇಳಿಯುವುದು. ಆದ್ದರಿಂದ ಮೇಲಿನ ಲೆಕ್ಕವನ್ನು ಸುಮ್ನೆ ಓದಿ ಬಿಡಬೇಡಿ. ಸ್ಪ್ರೆಡ್‌ಶೀಟ್ ತೆಗೆದು ಮಾಡಿ. ಆಮೇಲೆ ದರ 6% ಮಾಡಿ ನೋಡಿ, ಕಂತನ್ನು ವರ್ಷದ ಆರಂಭಕ್ಕೆ ತಂದು ನೋಡಿ.

ಏನು ತಿಳಿಸಬೇಕು? ಸವಕಳಿ, ಬಡ್ಡಿ, ಲೀಸ್‌ಗಾಗಿ ಹೋದ ಒಟ್ಟು ಹಣ, ಮುಂದೆ ಯಾವ ವರ್ಷ ಎಷ್ಟು ಕೊಡಬೇಕು ಅನ್ನುವ ವಿವರ. ಈ ಕೊನೆಯ ಪ್ರಶ್ನೆಯನ್ನು ಬಿಟ್ಟುಬಿಡುವವರೇ ಜಾಸ್ತಿ. ಆಮೇಲೆ ಮಾರ್ಚ್‌ನಲ್ಲೋ ಡಿಸೆಂಬರ್‌ನಲ್ಲೋ ಮಾಹಿತಿಗಾಗಿ ಓಡಾಡುವವರೂ ಅವರೇ.

5. ಎರಡನೆಯದನ್ನು ನೀವೇ ಮಾಡಿ

ಐಎಫ್‌ಆರ್‌ಎಸ್ 15 ತೆರೆಯಿರಿ. ಅದರಲ್ಲಿ ಐದು ಮೆಟ್ಟಿಲಿವೆ: ಕರಾರು ಗುರುತಿಸುವುದು, ಅದರಲ್ಲಿರುವ ಬೇರೆ ಬೇರೆ ಭರವಸೆಗಳನ್ನು ಗುರುತಿಸುವುದು, ಬೆಲೆ ನಿಗದಿ ಮಾಡುವುದು, ಬೆಲೆಯನ್ನು ಭರವಸೆಗಳಿಗೆ ಹಂಚುವುದು, ಭರವಸೆ ಈಡೇರಿದಾಗ ಆದಾಯ ತೋರಿಸುವುದು. ಯಂತ್ರ ಮತ್ತು 2 ವರ್ಷದ ಸರ್ವಿಸ್ ಎರಡನ್ನೂ ಸೇರಿಸಿ 1,100ಕ್ಕೆ ಮಾರಿದ್ದೀರಿ. ಬಿಡಿಯಾಗಿ ಯಂತ್ರದ ಬೆಲೆ 900, ಸರ್ವಿಸ್‌ಗೆ 300. ಮೊದಲ ದಿನ ಎಷ್ಟು ಆದಾಯ? ಪುಸ್ತಕ ಮುಚ್ಚಿಟ್ಟು ಮಾಡಿ. 825 ಯಂತ್ರಕ್ಕೆ, 275 ಸರ್ವಿಸ್‌ಗೆ ಬರಬೇಕು. ರಿಯಾಯಿತಿ ಎರಡಕ್ಕೂ ಪಾಲಾಗಿದೆ. ಯಂತ್ರ ಒಪ್ಪಿಸಿದಾಗ 825, ಸರ್ವಿಸ್‌ನದ್ದು ಎರಡು ವರ್ಷಕ್ಕೆ ಹರಡುತ್ತದೆ. ಬಿಲ್ ಪೂರ್ತಿ ಕೊಟ್ಟಾಗಿದೆ, ಹಣವೂ ಬಂದಿದೆ ಅಂತ 1,100ನ್ನೂ ಆದಾಯಕ್ಕೆ ಹಾಕಿದರೆ ಅದು ತಪ್ಪು.

6. ವಾರ್ಷಿಕ ವರದಿಯ ಟಿಪ್ಪಣಿ ಓದಿ

ಒಂದು ಸ್ಟ್ಯಾಂಡರ್ಡ್ ಮುಗಿದ ಕೂಡಲೇ ನೀವು ಇಟ್ಟುಕೊಂಡ ವಾರ್ಷಿಕ ವರದಿಯಲ್ಲಿ ಅದೇ ವಿಷಯದ ಟಿಪ್ಪಣಿ ಹುಡುಕಿ. ಮೊದಲು ಲೆಕ್ಕದ ನೀತಿ, ನಂತರ ಅಂಕಿಗಳ ಟಿಪ್ಪಣಿ, ಕೊನೆಗೆ "ಮುಖ್ಯ ತೀರ್ಮಾನಗಳು ಮತ್ತು ಅಂದಾಜುಗಳು" ಅನ್ನುವ ಭಾಗ. ಈ ಕೊನೆಯದ್ದು ಚಿನ್ನದಂಥ ಜಾಗ. ಆಡಳಿತ ಮಂಡಳಿ ಎಲ್ಲಿ ಯೋಚಿಸಬೇಕಾಯಿತು, ಎಲ್ಲಿ ಅಂಕಿ ಅಲುಗಾಡಬಹುದು ಅಂತ ಅವರೇ ಬರೆದಿರುತ್ತಾರೆ.

ಸ್ಟ್ಯಾಂಡರ್ಡ್ ಕೇಳಿದ ಪ್ರತಿ ವಿವರಕ್ಕೂ ಟಿಪ್ಪಣಿಯಲ್ಲಿ ಉತ್ತರ ಎಲ್ಲಿದೆ ಅಂತ ಗುರುತು ಹಾಕಿ. ಕೆಲವು ಸಿಗುವುದಿಲ್ಲ. ಆ ಕಂಪನಿಗೆ ಅದು ಅನ್ವಯಿಸದೇ ಇರಬಹುದು, ಅಥವಾ ತೋರಿಸುವಷ್ಟು ದೊಡ್ಡ ಮೊತ್ತವಲ್ಲದೇ ಇರಬಹುದು. ಯಾವುದು ಅಂತ ಯೋಚಿಸುವುದೇ ಅಭ್ಯಾಸ. ಆದರೆ ಬೇರೆಯವರ ವಾಕ್ಯಗಳನ್ನು ನಿಮ್ಮ ಲೆಕ್ಕಕ್ಕೆ ನಕಲು ಮಾಡಬೇಡಿ. ಅವರ ಕರಾರು ಬೇರೆ, ನಿಮ್ಮದು ಬೇರೆ.

7. ತೀರ್ಮಾನವನ್ನು ಬರೆದಿಡಿ

ಐಎಫ್‌ಆರ್‌ಎಸ್ ಎಲ್ಲದಕ್ಕೂ ಗೆರೆ ಎಳೆದು ಕೊಡುವುದಿಲ್ಲ. ತತ್ವ ಹೇಳುತ್ತದೆ, ತೀರ್ಮಾನ ನಿಮಗೆ ಬಿಡುತ್ತದೆ. ಕೋರ್ಟಿನಲ್ಲಿ ಕೇಸು ನಡೆಯುತ್ತಿದೆ ಅಂದುಕೊಳ್ಳಿ. ಪರಿಹಾರ ಕೊಡಬೇಕಾಗಿ ಬರುವ ಸಾಧ್ಯತೆ ಬಾರದಿರುವ ಸಾಧ್ಯತೆಗಿಂತ ಹೆಚ್ಚಿದ್ದು, ಮೊತ್ತವನ್ನು ನಂಬುವಂತೆ ಅಂದಾಜು ಮಾಡಲಾದರೆ ಐಎಎಸ್ 37 ಪ್ರಕಾರ ಈಗಲೇ ಪ್ರಾವಿಷನ್ ಹಾಕಬೇಕು. ಸಾಧ್ಯತೆ ಅಷ್ಟಿಲ್ಲದಿದ್ದರೆ ಟಿಪ್ಪಣಿ ಮಾತ್ರ, ತೀರಾ ದೂರದ ಸಾಧ್ಯತೆಯಾದರೆ ಅದೂ ಬೇಡ. ವಕೀಲರು "ಹೇಳಲಾಗದು" ಅಂದರೆ? ಅಲ್ಲೇ ನಿಮ್ಮ ಕೆಲಸ ಶುರು.

ಇಂಥ ಪ್ರತಿ ವಿಷಯಕ್ಕೂ ಒಂದು ಪುಟದ ಮೆಮೊ ಬರೆಯಿರಿ. ವಿಷಯ ಏನು, ಯಾವ ಪ್ಯಾರಾ ಅನ್ವಯಿಸುತ್ತದೆ, ಯಾವ ಯಾವ ದಾರಿ ಇದ್ದವು, ಯಾವುದನ್ನು ಏಕೆ ಆರಿಸಿದಿರಿ. ಪ್ಯಾರಾ ಸಂಖ್ಯೆ ತಪ್ಪದೆ ಹಾಕಿ. "ಹಿಂದಿನಿಂದ ಹೀಗೇ ಮಾಡಿಕೊಂಡು ಬಂದಿದ್ದೇವೆ" ಅನ್ನುವುದು ಕಾರಣವಲ್ಲ.

ಮೆಮೊ ಬರೆಯುವ ಮುನ್ನ, ಐಎಫ್‌ಆರ್‌ಐಸಿ ವ್ಯಾಖ್ಯಾನಗಳನ್ನು ರೂಪಿಸುವ ಸಮಿತಿಯ ಅಜೆಂಡಾ ನಿರ್ಧಾರಗಳನ್ನೂ ಹುಡುಕಿ. ಕಂಪನಿಗಳು ಕೇಳಿದ ಪ್ರಶ್ನೆಗೆ ಈಗಿರುವ ಸ್ಟ್ಯಾಂಡರ್ಡ್‌ನಲ್ಲೇ ಉತ್ತರವಿದೆ ಅನ್ನಿಸಿದಾಗ ಸಮಿತಿ ಅದನ್ನು ವಿವರಿಸಿ ಪ್ರಕಟಿಸುತ್ತದೆ. 2021ರ ಏಪ್ರಿಲ್‌ನಲ್ಲಿ ಕ್ಲೌಡ್ ಸಾಫ್ಟ್‌ವೇರ್ ಬಗ್ಗೆ ಬಂದದ್ದು ಇಂಥದ್ದೇ. ಕ್ಲೌಡ್‌ನಲ್ಲಿರುವ, ನಮ್ಮ ಹಿಡಿತದಲ್ಲಿಲ್ಲದ ಸಾಫ್ಟ್‌ವೇರ್ ಅನ್ನು ನಮಗೆ ಹೊಂದಿಸಿಕೊಳ್ಳಲು ಮಾಡಿದ ವೆಚ್ಚ ಬಹುಪಾಲು ಸಂದರ್ಭಗಳಲ್ಲಿ ಖರ್ಚೇ, ಆಸ್ತಿಯಲ್ಲ. ಸ್ಟ್ಯಾಂಡರ್ಡ್‌ನ ಒಂದಕ್ಷರವೂ ಬದಲಾಗದೆ ಎಷ್ಟೋ ಕಂಪನಿಗಳು ತಮ್ಮ ಲೆಕ್ಕ ತಿದ್ದಬೇಕಾಯಿತು.

8. ಪರೀಕ್ಷೆ ಬೇಕಿದ್ದರೆ

ಇಷ್ಟು ಮಾಡಿದ ಮೇಲೆ ಸರ್ಟಿಫಿಕೇಟ್ ಬಗ್ಗೆ ಯೋಚಿಸಿ. ಬ್ರಿಟನ್ನಿನ ಅಕೌಂಟೆಂಟ್‌ಗಳ ವೃತ್ತಿ ಸಂಸ್ಥೆ ಎಸಿಸಿಎ ಕೊಡುವ ಡಿಪ್‌ಐಎಫ್‌ಆರ್ ಅನ್ನುವ ಡಿಪ್ಲೊಮಾ ಹೆಚ್ಚು ಜನಕ್ಕೆ ಗೊತ್ತಿರುವುದು. ಜೂನ್ ಮತ್ತು ಡಿಸೆಂಬರ್‌ನಲ್ಲಿ ಪರೀಕ್ಷೆ, 3 ಗಂಟೆ 15 ನಿಮಿಷ, ಪಾಸಾಗಲು 50%. ಲೆಕ್ಕದ ಜೊತೆ ವಿವರಣೆಯನ್ನೂ ಬರೆಯಬೇಕು. ಹಾಗಾಗಿ ಮೆಮೊ ಬರೆದು ಪಳಗಿದ ಕೈಗೆ ಇದು ಕಷ್ಟವಾಗುವುದಿಲ್ಲ. ಸೇರಲು ಬೇಕಾದ ಅರ್ಹತೆ, ಶುಲ್ಕಗಳನ್ನು ಸಂಸ್ಥೆಯ ಜಾಲತಾಣದಲ್ಲೇ ನೋಡಿ, ಕೋಚಿಂಗ್ ಕೇಂದ್ರದ ಜಾಹೀರಾತಿನಲ್ಲಿ ಅಲ್ಲ.

9. ಕಲಿತದ್ದರ ದಾಖಲೆ ಇಡಿ, ಹೊಸದನ್ನು ಹಿಂಬಾಲಿಸಿ

ವೃತ್ತಿ ಸಂಸ್ಥೆಯ ಸದಸ್ಯರಾದವರಿಗೆ ಸಿಪಿಡಿ ಕಡ್ಡಾಯ. ಸಿಪಿಡಿ ಅಂದರೆ ಅರ್ಹತೆ ಸಿಕ್ಕ ಮೇಲೂ ಮುಂದುವರಿಯುವ ವೃತ್ತಿ ಕಲಿಕೆ. ಎಷ್ಟು ಗಂಟೆ ಅನ್ನುವುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಎಸಿಸಿಎ ವರ್ಷಕ್ಕೆ 40 ಯೂನಿಟ್ ಕೇಳುತ್ತದೆ, ಅದರಲ್ಲಿ 21ಕ್ಕೆ ಪುರಾವೆ ಬೇಕು. ಓದಿದ್ದು, ಮಾಡಿದ ಸ್ಪ್ರೆಡ್‌ಶೀಟ್, ಬರೆದ ಮೆಮೊ, ಸಹೋದ್ಯೋಗಿಗಳಿಗೆ ಕೊಟ್ಟ ಪಾಠ ಇವನ್ನೆಲ್ಲ ತಾರೀಖಿನ ಸಮೇತ ಆಗಾಗಲೇ ಬರೆದಿಡಿ. ಕೆಲಸಕ್ಕೆ ಸಂಬಂಧವೇ ಇಲ್ಲದ ಉಚಿತ ವೆಬಿನಾರ್‌ಗಳಿಂದ ವರ್ಷದ ಕೊನೆಯ ವಾರ ಗಂಟೆ ತುಂಬಿಸುವುದು ನಿಮಗೆ ನೀವೇ ಮಾಡಿಕೊಳ್ಳುವ ಮೋಸ ಅಲ್ವಾ?

ಸದ್ಯಕ್ಕೆ ನಿಮ್ಮ ಓದಿನ ಪಟ್ಟಿಯ ಮೇಲ್ಗಡೆ ಇರಬೇಕಾದದ್ದು ಐಎಫ್‌ಆರ್‌ಎಸ್ 18. 2024ರ ಏಪ್ರಿಲ್‌ನಲ್ಲಿ ಬಂತು. 2027ರ ಜನವರಿ 1ರಿಂದ ಶುರುವಾಗುವ ವರ್ಷಗಳಿಗೆ ಜಾರಿ. ಹಣಕಾಸು ಪಟ್ಟಿಗಳನ್ನು ಹೇಗೆ ಮಂಡಿಸಬೇಕು ಅಂತ ಹೇಳುವ ಐಎಎಸ್ 1ರ ಜಾಗಕ್ಕೆ ಬರುತ್ತದೆ. ಲಾಭ-ನಷ್ಟ ಪಟ್ಟಿಯ ಪ್ರತಿ ಸಾಲೂ ಐದು ಗುಂಪಿನಲ್ಲಿ ಒಂದಕ್ಕೆ ಸೇರಬೇಕು: ಕಾರ್ಯಾಚರಣೆ, ಹೂಡಿಕೆ, ಹಣಕಾಸು, ಆದಾಯ ತೆರಿಗೆ, ನಿಲ್ಲಿಸಿದ ವ್ಯವಹಾರ. ಕಾರ್ಯಾಚರಣೆ ಲಾಭ ಒಂದು, ಹಣಕಾಸು ವೆಚ್ಚ ಮತ್ತು ತೆರಿಗೆಗೆ ಮುಂಚಿನ ಲಾಭ ಇನ್ನೊಂದು, ಈ ಎರಡನ್ನೂ ತೋರಿಸುವುದು ಸಾಮಾನ್ಯ ಕಂಪನಿಗಳಿಗೆ ಕಡ್ಡಾಯ. ಆಡಳಿತ ಮಂಡಳಿ ತನ್ನದೇ ರೀತಿಯಲ್ಲಿ ಲೆಕ್ಕ ಹಾಕಿ ಹೊರಗೆ ಹೇಳಿಕೊಳ್ಳುವ "ಹೊಂದಿಸಿದ ಲಾಭ" ಥರದ ಅಂಕಿಗಳನ್ನು ಒಂದೇ ಟಿಪ್ಪಣಿಯಲ್ಲಿ ವಿವರಿಸಬೇಕು.

ಎಚ್ಚರ: "2027 ತಾನೇ, ಆಮೇಲೆ ನೋಡೋಣ" ಅನ್ನಬೇಡಿ. ಹೋಲಿಕೆಗೆ ಕೊಡುವ ಹಿಂದಿನ ವರ್ಷದ ಅಂಕಿಗಳೂ ಹೊಸ ರೂಪದಲ್ಲೇ ಬೇಕು. ಜನವರಿಯಿಂದ ಡಿಸೆಂಬರ್ ಲೆಕ್ಕದ ಕಂಪನಿಗೆ ಅದು 2026. ಆದ್ದರಿಂದ ಕೊನೆಯ ಟ್ರಯಲ್ ಬ್ಯಾಲೆನ್ಸ್ ತೆಗೆದು ಪ್ರತಿ ಆದಾಯ-ಖರ್ಚು ಖಾತೆಯ ಪಕ್ಕ ಅದರ ಗುಂಪು ಬರೆಯಿರಿ. ಮೇಲಿನ ಲೀಸ್‌ನ ಬಡ್ಡಿ ಹಣಕಾಸಿಗೆ, ಸವಕಳಿ ಕಾರ್ಯಾಚರಣೆಗೆ. ವಿದೇಶಿ ವಿನಿಮಯದ ಲಾಭ-ನಷ್ಟ ಯಾವ ವಿಷಯದಿಂದ ಹುಟ್ಟಿತೋ ಸಾಮಾನ್ಯವಾಗಿ ಅದೇ ಗುಂಪಿಗೆ. ಎಲ್ಲವನ್ನೂ ಒಂದೇ ಖಾತೆಯಲ್ಲಿ ಸುರಿದಿದ್ದರೆ ಆ ಖಾತೆಯನ್ನು ಒಡೆಯಬೇಕಾಗುತ್ತದೆ. ಗುಂಪು ಗೊತ್ತಾಗದ ಖಾತೆಗಳನ್ನು ಬೇರೆ ಪಟ್ಟಿ ಮಾಡಿ, ಅದನ್ನು ಹಿಡಿದುಕೊಂಡು ಈಗಲೇ ಆಡಿಟರ್ ಜೊತೆ ಮಾತಾಡಿ.